ಮೋಟುಗೋಡೆಯ ಗೂಡಿನಲ್ಲಿ ಒಂದು ಡಬ್ಬಿ

“ನಿಮ್ಮ ಅಡುಗೆಮನೆ ಕೆಳಗೇ ನಮ್ಮಪ್ಪ ಕೆಲಸ ಮಾಡ್ತಿದ್ರಮ್ಮ,” ಎಂದು ಮನೆ ತೋರಿಸುತ್ತ ಓನರ್ ಹೇಳಿದಾಗ ಕೆಳಗೊಂದು ನೆಲಮಾಳಿಗೆ ಇರಬೇಕು ಅಂದುಕೊಂಡೆ. ಅವರು ಹೇಳಿದ್ದು ಚಿನ್ನದ ಗಣಿಯ ಸುರಂಗದ ಮಾತು. ಗಣಿ ಮುಚ್ಚಿ ಎಷ್ಟೋ ವರ್ಷಗಳಾದವು, ಸುರಂಗ ಮಾತ್ರ ಹಾಗೇ ಇದೆ. ಅವತ್ತು ಹೊಸ ಮನೆಯಲ್ಲಿ ಹಾಲು ಉಕ್ಕಿಸುವಾಗ ನನಗೆ ಕಾಲೂರಿ ನಿಲ್ಲಲೂ ಅಂಜಿಕೆಯಾಗಿತ್ತು.

ನಮ್ಮ ಗದಗಿನ ಕಡೆ ಎರೆಮಣ್ಣು ಮಳೆಗಾಲದಲ್ಲಿ ಕಾಲಿನ ಚಪ್ಪಲಿಯನ್ನೇ ಕಿತ್ತಿಟ್ಟುಕೊಳ್ಳುತ್ತದೆ. ಗಂಡನ ಕೆಲಸಕ್ಕೆಂದು ಬಂದ ಈ ಗಣಿ ಊರು ಚಾಂಪಿಯನ್ ರೀಫ್ಸ್‌ನಲ್ಲಿ ಮಣ್ಣೇ ಗಾಳಿಗೆ ಹಾರುತ್ತದೆ. ಅದಿರು ಅರೆದು ಚಿನ್ನ ತೆಗೆದ ಮೇಲೆ ಸುರಿದ ಪುಡಿಯ ಗುಡ್ಡಗಳಿಗೆ ಇಲ್ಲಿ ‘ಸೈನೈಡ್ ದಿಬ್ಬ’ ಅನ್ನುತ್ತಾರೆ. ಜೋರು ಗಾಳಿ ಬೀಸಿದರೆ ಅದರ ಬಿಳಿ ಧೂಳು ಒಣಹಾಕಿದ ಬಟ್ಟೆಯ ಮೇಲೆ. ಗಂಡ ಬೆಳಿಗ್ಗೆ ಕಾರ್ಖಾನೆಗೆ ಹೋದರೆ ಇಡೀ ದಿನ ನನ್ನ ಜೊತೆ ಮಾತಾಡುವವರಿಲ್ಲ. ಬಂಗಾರಪೇಟೆ ಸಂತೆಯಲ್ಲಿ ಒಂದು ಅಂಗಡಿಯಲ್ಲಿ ಜೋಳದ ಹಿಟ್ಟು ಸಿಕ್ಕ ದಿನ ನಾನು ರೈಲಿನಲ್ಲಿ ಆ ಚೀಲವನ್ನು ಮಡಿಲಲ್ಲೇ ಇಟ್ಟುಕೊಂಡು ಬಂದೆ. ಮೊದಲ ವರ್ಷದ ನನ್ನ ಗೆಲುವು ಅಂದರೆ ಅದೊಂದೇ.

ಮಗಳು ನೇತ್ರಾಳದು ನನಗಿಂತ ಕಷ್ಟ. ಎಂಟು ವರ್ಷದವಳು, ಊರಲ್ಲಿ ಓಣಿಯ ತುಂಬ ಗೆಳತಿಯರು. ಇಲ್ಲಿ ಬೀದಿಯ ಮಕ್ಕಳು ಆಡುವುದು ತಮಿಳಿನಲ್ಲಿ, ಶಾಲೆಯಲ್ಲಿ ಇವಳ ಕನ್ನಡ ಕೇಳಿ ನಗುತ್ತಿದ್ದರು. ಕೂಸು ಬಾಯಿಯನ್ನೇ ಮುಚ್ಚಿಕೊಂಡುಬಿಟ್ಟಿತು.

ಅದಕ್ಕೆ ಹುಬ್ಬಳ್ಳಿಯಲ್ಲಿರುವ ನನ್ನ ತಮ್ಮ ಫೋನಿನಲ್ಲಿ ಒಂದು ಆಟ ಹೇಳಿಕೊಟ್ಟ. ಜಿಯೋಕ್ಯಾಶ್ ಎಂದು ಹೆಸರು. ಎಲ್ಲಾದರೂ ಒಂದು ಡಬ್ಬಿ ಬಚ್ಚಿಟ್ಟು ಆ ಜಾಗವನ್ನು ಮೊಬೈಲಿನ ನಕ್ಷೆಯಲ್ಲಿ ಗುರುತು ಮಾಡಬೇಕು. ಹುಡುಕಿದವರು ಡಬ್ಬಿಯಿಂದ ಒಂದು ವಸ್ತು ತೆಗೆದುಕೊಂಡು, ತಮ್ಮದೊಂದು ಇಟ್ಟು, ಒಳಗಿನ ಪುಸ್ತಕದಲ್ಲಿ ಹೆಸರು ಬರೆದು ಹೋಗಬೇಕು. ಮಕ್ಕಳ ಡಬ್ಬಿಯಾದರೆ ಕೈಗೆ ಎಟುಕುವ ಕಡೆ ಇಡಬೇಕು, ಅಷ್ಟೇ.

ನಮ್ಮ ಮನೆಯೆದುರಿಗೆ ಒಂದು ಹಾಳು ಜಾಗ. ಹಿಂದೆ ಗಣಿ ಕೆಲಸಗಾರರ ಸಾಲುಮನೆಗಳಿದ್ದವಂತೆ. ಈಗ ಲಂಟಾನ, ಕಸ, ಒಂದು ಮೋಟುಗೋಡೆ. ಗೋಡೆಯಲ್ಲಿ ನೇತ್ರಾಳ ಎದೆಯೆತ್ತರಕ್ಕೆ ಒಂದು ಗೂಡು ಉಳಿದಿತ್ತು, ಒಳಗೆ ಎಣ್ಣೆಯ ಜಿಡ್ಡು. ಎಷ್ಟು ಹಳೆಯದೋ ಎಂದು ಸೆರಗಿನಿಂದ ಒರೆಸಿ, ಕ್ಲಿಪ್ಪು, ರಿಬ್ಬನ್ನು, ಪೆನ್ಸಿಲ್ಲು, ಪುಟ್ಟ ಪುಸ್ತಕ ತುಂಬಿದ ಡಬ್ಬಿಯನ್ನು ಅಲ್ಲಿಟ್ಟೆವು.

ಮೂರು ವಾರ ಯಾರೂ ಬರಲಿಲ್ಲ. ಒಂದು ಬೆಳಿಗ್ಗೆ ನೇತ್ರಾ ಓಡಿಬಂದಳು. “ಯವ್ವಾ, ಯಾರೋ ಬಳಿ ಇಟ್ಟಾರ! ನನ್ನ ಕೈಗೆ ಬರೊಬ್ಬರಿ ಆಗ್ಯಾವು!”

ಡಬ್ಬಿಯ ಮೇಲೆ ಹಸಿರು ಗಾಜಿನ ಬಳೆಗಳಿದ್ದವಂತೆ. ಹೆಸರು ಬರೆದಿರಲಿಲ್ಲ. ಆದರೂ ತನಗೊಬ್ಬ ಗೆಳತಿ ಸಿಕ್ಕಳೆಂದು ಅವಳು ಬಳೆ ತೊಟ್ಟು ಕುಣಿದಳು, ಅವತ್ತು ಎರಡು ರೊಟ್ಟಿ ಹೆಚ್ಚು ತಿಂದಳು. ನಾನು ಅಡುಗೆಮನೆಯಲ್ಲಿ ಕಣ್ಣೊರೆಸಿಕೊಂಡೆ.

ನಾಲ್ಕು ದಿನದ ಮೇಲೆ ಪಕ್ಕದ ಮನೆಯ ಶಾಂತಿ ಆ ಬಳೆ ನೋಡಿದಳು.

“ಅಯ್ಯೋ ಅಕ್ಕಾ, ಇದು ನಮ್ಮ ಬೀದಿ ಪಾಪಾತ್ತಿಯಮ್ಮ ಇಟ್ಟಿದ್ದಲ್ವಾ? ಎಷ್ಟೋ ವರ್ಸದ ಇಂದೆ ಅವರ ಮಗಳು ಸೆಲ್ವಿ ಆ ಮೋಟುಗೋಡೆ ಮನೇಲೇ ಜ್ವರ ಬಂದು ಓಗ್ಬಿಟ್ಳು. ಏಳು ವರ್ಸದ ಮಗು. ಅವಳಿಗಿಕ್ಕಿರೋ ಪಡೈಯಲ್ ಅಕ್ಕಾ ಇದು.”

ಪಡೈಯಲ್ ಅಂದರೆ ಎಡೆ. ಮದುವೆಯಾಗದೆ ತೀರಿಕೊಂಡ ಹೆಣ್ಣುಮಗುವನ್ನು ಈ ತಮಿಳು ಮನೆಗಳಲ್ಲಿ ದೇವರೆಂದು ಪೂಜಿಸುತ್ತಾರೆ, ಬಟ್ಟೆ ಬಳೆ ಇಡುತ್ತಾರೆ. ಶಾಂತಿ ಇನ್ನೂ ಏನೋ ಹೇಳುತ್ತಿದ್ದಳು, ನನಗೆ ಕೇಳಿಸಲಿಲ್ಲ. ನೇತ್ರಾಳನ್ನು ಎಳೆದು ಕೂರಿಸಿ, ಅವಳು ಅಳುತ್ತಿದ್ದರೂ ಬಿಡದೆ ಬಳೆ ಬಿಚ್ಚಿದೆ. ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದೆ. ಬಳೆಗಳನ್ನು ಒಯ್ದು ಗೂಡಿನಲ್ಲಿ ಮೊದಲಿನಂತೆಯೇ ಇಟ್ಟು ಬಂದೆ.

ಮರುದಿನ ಪಾಪಾತ್ತಿಯಮ್ಮ ಮೋಟುಗೋಡೆಗೆ ಹಣೆಯಿಟ್ಟು ಅಳುತ್ತಿದ್ದರು. ಶಾಂತಿ ಆಗ ಉಳಿದ ಮಾತು ಹೇಳಿದಳು. ಇಟ್ಟದ್ದನ್ನು ಮನೆಯ ಹೆಣ್ಣುಮಗಳೊಬ್ಬಳು ತೊಡಬೇಕು, ಆಗಲೇ ಸತ್ತವಳಿಗೆ ಮುಟ್ಟುವುದು. ಅವರ ಮನೆಯಲ್ಲಿ ಬೇರೆ ಹೆಣ್ಣುಮಕ್ಕಳಿಲ್ಲ. ಪ್ರತಿ ಅಮಾವಾಸ್ಯೆ ಇಟ್ಟ ಬಳೆಗಳನ್ನು ಮರುದಿನ ಅವರೇ ವಾಪಸು ಒಯ್ಯುತ್ತಿದ್ದರು. ಈ ಸಲ ಮೊದಲ ಬಾರಿಗೆ ಬಳೆ ಮಾಯವಾಗಿತ್ತು. ಮಗಳು ಬಂದು ತೊಟ್ಟುಕೊಂಡಳೆಂದು ಬೀದಿಗೆಲ್ಲ ಹೇಳಿಕೊಂಡು ಬಂದಿದ್ದರು. ಈಗ ಅವೇ ಬಳೆಗಳನ್ನು ಮಗಳು ಹಿಂದಿರುಗಿಸಿದ್ದಾಳೆಂದು ಈ ಅಳು.

ನಾನು ಹೋಗಿ ಎಲ್ಲ ಒಪ್ಪಿಕೊಂಡೆ. ಡಬ್ಬಿ ನಮ್ಮದು, ತೊಟ್ಟವಳು ನನ್ನ ಮಗಳು, ಬಿಚ್ಚಿದವಳು ನಾನು. ಅವರು ಗೂಡಿನಿಂದ ಬಳೆಗಳನ್ನು ಕೈಗೆತ್ತಿಕೊಂಡರು.

“ಅಂಗಾರೆ ಅವಳು ಬಂದೇ ಇಲ್ಲ,” ಅಂದರು. ಆಮೇಲೆ, “ನಿನ್ನ ಪಾಪಾ ತೊಟ್ಕೊಂಡ್ರೂ ಸಾಕಮ್ಮ. ಒಂದ್ಸಾರಿ ತೊಡಿಸ್ತೀಯಾ?”

ಆಗಲ್ಲ ಅಂದೆ. ಬದುಕಿರುವ ಮಗಳ ಕೈಗೆ ಸತ್ತವಳ ಬಳೆ ತೊಡಿಸುವ ಧೈರ್ಯ ನನಗಿರಲಿಲ್ಲ. ಅವರು ಬೇಜಾರು ಮಾಡಿಕೊಳ್ಳದೆ, “ಸರಿ ಕಣ್ಣು, ಪರವಾಯಿಲ್ಲ,” ಎಂದು ಮಗಳಿಗೆ ಹೇಳುವಂತೆ ಮುದ್ದಾಗಿ ಹೇಳಿ ಬಳೆಗಳನ್ನು ಸೆರಗಿಗೆ ಕಟ್ಟಿಕೊಂಡು ಹೋದರು. ನನಗೆ ಆ ವಾರವೆಲ್ಲ ಊಟ ಸೇರಲಿಲ್ಲ.

ಮುಂದಿನ ಅಮಾವಾಸ್ಯೆಯ ಹಿಂದಿನ ದಿನ ನಾನೇ ಅವರ ಮನೆಗೆ ಹೋದೆ. “ಅಮ್ಮಾ, ಮಗಳನ್ನ ಬಿಡ್ರಿ. ನಾ ತೊಟ್ಕೋತೀನಿ,” ಅಂದೆ. ಅವರು ನನ್ನ ಕೈ ಹಿಡಿದು ತಿರುಗಿಸಿ ನೋಡಿ, ಪೆಟ್ಟಿಗೆಯಿಂದ ಆ ಹಸಿರು ಬಳೆಗಳನ್ನೇ ತೆಗೆದರು. ಸೋಪು ಹಚ್ಚಿ ಒತ್ತಿದರೂ ಒಂದೂ ಗಿಣ್ಣು ದಾಟಲಿಲ್ಲ. ಏಳು ವರ್ಷದವಳ ಅಳತೆ.

ಅವರೇ ಎದ್ದು, “ನಡಿ, ಬಂಗಾರಪೇಟೆಗೆ ಓಗಿ ಬರೋಣ,” ಅಂದರು. ಮಧ್ಯಾಹ್ನದ ರೈಲಿನಲ್ಲಿ ಇಬ್ಬರೂ ಹೋದೆವು. ಬಳೆ ಅಂಗಡಿಯವನು ಅವರನ್ನು ಕಂಡು ರೂಢಿಯಂತೆ ಚಿಕ್ಕ ಬಳೆಗಳ ಡಬ್ಬಿಗೇ ಕೈ ಹಾಕಿದ. ಪಾಪಾತ್ತಿಯಮ್ಮ ತಡೆದು ನನ್ನ ಕೈಯನ್ನು ಅವನ ಮುಂದೆ ಚಾಚಿದರು.

“ಅದು ಬ್ಯಾಡಪ್ಪಾ. ಈ ಅಳತೆ ಕೊಡು. ನಮ್ಮ ಸೆಲ್ವಿ ಇದ್ದಿದ್ರೆ ಈಗ ಇವಳಷ್ಟಾಗಿರ್ತಿದ್ಲು.”

ಇಷ್ಟು ವರ್ಷ ಏಳರಲ್ಲೇ ನಿಂತಿದ್ದ ಮಗಳು ಆ ಅಂಗಡಿಯಲ್ಲಿ ಒಮ್ಮೆಲೇ ದೊಡ್ಡವಳಾದಳು. ನಾವಿಬ್ಬರೂ ಅಲ್ಲೇ ನಿಂತು ಅತ್ತೆವು.

ಮರುದಿನ ಗೂಡಿನಲ್ಲಿಟ್ಟು ಪೂಜೆ ಮಾಡಿದ ಬಳೆಗಳನ್ನು ನಾನು ತೊಟ್ಟೆ. ಈಗ ಪ್ರತಿ ಅಮಾವಾಸ್ಯೆ ತೊಡುತ್ತೇನೆ. ಡಬ್ಬಿಯನ್ನು ನಮ್ಮ ಗೇಟಿನ ಪಕ್ಕ ಇಟ್ಟಿದ್ದೇವೆ. ಪುಸ್ತಕದಲ್ಲಿ ಶಾಂತಿಯ ಮಕ್ಕಳಿಬ್ಬರ ಹೆಸರಿದೆ, ನೇತ್ರಾ ಅವರೊಡನೆ ಅರ್ಧ ತಮಿಳಿನಲ್ಲಿ ಜಗಳವಾಡುತ್ತಾಳೆ.

ಈ ಬೇಸಿಗೆ ರಜೆಗೆ ಊರಿಗೆ ಹೋಗಿದ್ದೆ. ಅವ್ವ ನನ್ನ ಕೈ ನೋಡಿ, “ಯಾರ ಇಡಿಸಿದ್ರ ಇಷ್ಟ ಚೆಂದ ಬಳಿ?” ಅಂತ ಕೇಳಿದಳು. ಓಣಿಯವರೊಬ್ಬರು ಅಂದೆ. ಹೊರಡುವ ಮಾತೆತ್ತಿದಾಗ ಅವ್ವ, “ಅಮಾಸಿ ಹತ್ರ ಬಂತು, ಅಮಾಸಿ ಕಳಕೊಂಡ ಹೋಗವ್ವ. ತವರಮನಿಯಿಂದ ಅಮಾಸಿ ಮುಂದ ಯಾರರ ಹೆಣ್ಮಕ್ಕಳನ್ನ ಕಳಸ್ತಾರೇನು?” ಅಂದಳು.

ಅಮಾವಾಸ್ಯೆಗೇ ನಾನು ಅಲ್ಲಿರಬೇಕು. ಅಲ್ಲೊಬ್ಬರು ಗೋಡೆಯ ಮುಂದೆ ಕಾಯುತ್ತಿರುತ್ತಾರೆ ಎಂದು ಹೆತ್ತ ಅವ್ವನಿಗೆ ಹೇಗೆ ಹೇಳಲಿ? ಗಂಡನಿಗೆ ರಜೆಯಿಲ್ಲ, ಊಟಕ್ಕೆ ತೊಂದರೆ ಎಂದು ಸುಳ್ಳು ಹೇಳಿ ಬಸ್ಸು ಹತ್ತಿದೆ. ಕಳಿಸಲು ಅವ್ವ ಬಾಗಿಲು ದಾಟಿ ಬರಲಿಲ್ಲ.