ಸದಾ ತೆರೆದಿರುವ ಖಾರದ ಗಿರಣಿ

ಗೆಳೆಯರೇ, ಬ್ಯಾಡಗಿಯ ನಮ್ಮ ಖಾರದ ಗಿರಣಿಯ ಹೆಸರಿನಲ್ಲಿ ನೆಟ್‌ನಲ್ಲೊಂದು ಕಮ್ಯುನಿಟಿ ಮಾಡಿ ಮೆರೆಯುತ್ತಿದ್ದೆನಲ್ಲ, ಇವತ್ತು ಅದಕ್ಕೆ ತಕ್ಕ ಶಾಸ್ತಿಯಾಯಿತು. ಗಿರಾಕಿಗಳಿಗೆ ಉತ್ತರ ಬರೆಯಲು ಸೈಬರ್ ಕೆಫೆಯಲ್ಲಿ ಕುಳಿತಿದ್ದೆ. “ಗಿರಣಿ ಚಾಲೂ ಐತೇನ್ರಿ?” ಎಂದು ಯಾರೋ ಕಮ್ಯುನಿಟಿಯಲ್ಲಿ ಬರೆದು ಕೇಳಿದರು. “ನಿಮ್ಮ ಸೇವೆಗೆ ಸದಾ ತೆರೆದಿದೆ, ಬನ್ನಿ!” ಎಂದು ಠೀವಿಯಿಂದ ಟೈಪಿಸಿದೆ.

ಪಕ್ಕದ ಕ್ಯಾಬಿನ್‌ನಿಂದ ಮೋಟೆಬೆನ್ನೂರಿನ ಮಾಸ್ತರರು ಮೆಣಸಿನಕಾಯಿ ಚೀಲ ಹಿಡಿದು ಎದ್ದು ನಿಂತರು. ನನ್ನನ್ನು ಕಂಡವರೇ, “ಏನ್ರಿ ಸಾವ್ಕಾರ್ರ, ಗಿರಣಿಗೆ ಕೀಲಿ ಹಾಕಿತ್ತಂತನ ನಾ ಇಲ್ಲಿಗೆ ಬಂದು ಕೇಳೀನಿ. ನೀವು ಇಲ್ಲೇ ಕುಂತು ತಗದೈತಿ ಅಂತೀರಲ್ಲ!” ಎಂದರು.

ಅವರೊಂದಿಗೆ ಹೋಗಿ, ಬೀಗ ತೆಗೆದು ಖಾರ ಪುಡಿ ಮಾಡಿಕೊಟ್ಟೆ. ಇದನ್ನು ನಿಮಗೆ ತಿಳಿಸೋಣವೆಂದು ಈಗ ಮತ್ತೆ ಗಿರಣಿಗೆ ಬೀಗ ಹಾಕಿ ಕೆಫೆಗೆ ಬಂದಿದ್ದೇನೆ.