ಎರಡು ಪುಟ್ಟ ಅಂಗೈ

"ಕೈ ನೀಡಿ ಮಕ್ಕಳೇ" ಎಂದರು ಪಕ್ಕದ ಮನೆಯ ಐಸಮ್ಮ. ಎಂಬತ್ತರ ದಶಕದ ಮಾತು. ದುಬೈಯಿಂದ ಗಂಡ ತಂದ ಚಾಕಲೇಟನ್ನು ಮುಷ್ಟಿಯಲ್ಲಿ ಅಡಗಿಸಿಕೊಂಡು ನಮ್ಮ ಕಾಪುವಿನ ಮನೆಗೆ ಬಂದಿದ್ದರು. ನನ್ನ ಮೂರು ವರ್ಷದ ಅವಳಿ ಹೆಣ್ಣುಮಕ್ಕಳು ಒಟ್ಟಿಗೇ ಅಂಗೈ ಚಾಚಿದರು. ಮುಖ ಆಚೆ ತಿರುಗಿಸಿ ಕಣ್ಣು ಬಿಗಿಯಾಗಿ ಮುಚ್ಚಿಕೊಂಡರು. ಚಿಕ್ಕವಳು ಅವಸರದಲ್ಲಿ "ಅ, ಆ, ಇ, ಈ" ಎಂದು ಶುರುಮಾಡಿದಳು.

ಐಸಮ್ಮನಿಗೆ ನಗು ಬಂತು. "ಎಂತ ಟೀಚರೇ, ಚಾಕಲೇಟಿಗೆ ಯಾರಾದರೂ ಹೆದರುವುದುಂಟಾ?" ಎಂದವರು ನನ್ನ ಕೈಯಲ್ಲಿದ್ದ ಅಡಿಕೋಲನ್ನು ನೋಡಿದರು.

ಚಾವಡಿ ತುಂಬ ಮನೆಪಾಠದ ಮಕ್ಕಳು, ಒಲೆಯ ಮೇಲೆ ಗಂಜಿ. ಅದರ ನಡುವೆ ನನ್ನ ಈ ಇಬ್ಬರಿಗೂ ಬೇಗ ಅಕ್ಷರ ಬರಬೇಕೆಂಬ ಹಟ ನನ್ನದು. ತಪ್ಪಿದರೆ "ಕೈ ನೀಡು" ಎಂದು ಮೆಲ್ಲಗೆ ಒಂದು ಪೆಟ್ಟು. ಮೆಲ್ಲಗೆ ಎಂದು ನಾನು ಅಂದುಕೊಂಡಿದ್ದೆ, ಅಷ್ಟೆ.

ಐಸಮ್ಮ ಚಾಕಲೇಟು ಇಟ್ಟು, ಇಬ್ಬರ ಬೆರಳುಗಳನ್ನೂ ತಾವೇ ಮಡಚಿದರು. ನಾನು ತಲೆ ಎತ್ತಲಿಲ್ಲ.

ಮಕ್ಕಳಿಗೆ ಇದೊಂದೂ ನೆನಪಿಲ್ಲವಂತೆ. ಮೊಮ್ಮಕ್ಕಳಿಗೆ ತಿಂಡಿ ಕೊಡುವಾಗ "ಕೈ ನೀಡಿ" ಎನ್ನಲು ನನಗೆ ಇಂದಿಗೂ ಬಾಯಿ ಬರುವುದಿಲ್ಲ. ತಟ್ಟೆಯಲ್ಲಿಟ್ಟು ಅವರ ಮುಂದೆ ಸರಿಸುತ್ತೇನೆ.