ಮೇಷ್ಟ್ರ ಹೆಂಡತಿ ಗಿಟಾರು ಹಿಡಿದದ್ದು

ಗಿಟಾರು ಮೇಷ್ಟ್ರಿಗೆ ಪಾರ್ಶ್ವವಾಯು ಹೊಡೆದಾಗ ಬಲಗೈ, ಬಲಗಾಲು, ಮಾತು ಮೂರೂ ಒಂದೇ ಬೆಳಿಗ್ಗೆ ಹೋದವು. ಕಾಲು ಹೇಗೋ ಸ್ವಲ್ಪ ವಾಪಸ್ಸು ಬಂತು. ಕೈ ಬರಲಿಲ್ಲ. ಮಾತಿನಲ್ಲಿ ಒಂದೇ ಒಂದು ಉಳಿದುಕೊಂಡಿತು, "ಬೇಡ" ಅಂತ. ಊಟ ತಂದಿಟ್ಟರೂ ಬೇಡ, ತಟ್ಟೆ ಎತ್ತಿಕೊಂಡರೂ ಬೇಡ. ಕಿಟಕಿ ತೆಗೆದರೂ ಬೇಡ, ಮುಚ್ಚಿದರೂ ಬೇಡ. ಅಲ್ಲ, ಉಳಿಯುವುದೇ ಆದರೆ "ಬೇಕು" ಉಳಿಯಬಾರದಿತ್ತೇ? ಆ ಮನುಷ್ಯ ಮೊದಲಿಂದಲೂ ಹಾಗೇ ಬಿಡಿ. ಇಷ್ಟು ದೊಡ್ಡ ಭಾಷೆಯಲ್ಲಿ ಹುಡುಕಿ ಹುಡುಕಿ ಅದೊಂದನ್ನೇ ಹಲ್ಲು ಕಚ್ಚಿ ಹಿಡಿದುಕೊಂಡರು.

ಅವರ ಹೆಂಡತಿ ಹೊಲಿಗೆಯವಳು. ಬೀದಿಯವರಿಗೆಲ್ಲ ಟೇಲರಕ್ಕ. ಮುಂದಿನ ಕೋಣೆಯ ಕಿಟಕಿಗೆ ಒತ್ತಿದಂತೆ ಅವಳ ಮೆಷಿನ್ನು. ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಕೆಟ್ಟ ಜಿಪ್ಪು ಬಿಚ್ಚಿ ಹೊಸದು ಹಾಕುವುದು, ಯೂನಿಫಾರ್ಮಿಗೆ ಕಾಜಾ, ಗುಂಡಿ. ಒಳಗಿನ ಕೋಣೆಯಲ್ಲಿ ಮೇಷ್ಟ್ರ ಕ್ಲಾಸು. ನಡುವೆ ಒಂದು ಬಾಗಿಲು, ಅಷ್ಟೇ. ಆ ಬಾಗಿಲು ದಾಟಿ ಅರ್ಧ ಬೀದಿ ಗಿಟಾರು ಕಲಿತು ಹೋಯಿತು. ಕ್ಷೌರದವನ ಮಗ ಕಲಿತ, ಬ್ಯಾಂಕಿನ ವಾಚ್‌ಮನ್ ಕಲಿತ. ಮದುವೆಯಾದ ಹೊಸದರಲ್ಲಿ ಇವಳೂ ಒಂದು ಸಲ ಬಾಯಿ ಬಿಟ್ಟು ಕೇಳಿದ್ದಳು. ನಿನ್ನ ಬೆರಳು ಸೂಜಿಗೇ ಸರಿ ಕಣೆ ಅಂತ ಮೇಷ್ಟ್ರು ನಕ್ಕುಬಿಟ್ಟರು. ಅವಳು ಇನ್ನೊಂದು ಸಲ ಕೇಳುವ ಪೈಕಿಯಲ್ಲ. ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರಲ್ಲ, ಆ ಕತ್ತಲೆಯಲ್ಲೇ ಕೂತು ಇಪ್ಪತ್ತು ಚಿಲ್ಲರೆ ವರ್ಷ ಗುಂಡಿ ಹೊಲಿದಳು.

ಕೆಟ್ಟ ಗಂಡ ಅಂತ ಹೇಳುವ ಹಾಗಿಲ್ಲ. ಕೈ ಎತ್ತಿದವರಲ್ಲ, ಕುಡಿದು ಬಂದವರಲ್ಲ. ಅವಳನ್ನು ಅವರು ಕರೆಯುತ್ತಿದ್ದದ್ದು "ಇವಳೇ" ಅಂತ. ಇವಳೇ, ನೀರು. ಇವಳೇ, ಬಾಗಿಲು ನೋಡು. ಆಗೀಗೊಮ್ಮೆ, ತಂತಿಗಳ ಶ್ರುತಿ ಮನಸ್ಸಿಗೆ ಹಿಡಿಸುವ ಹಾಗೆ ಕೂತಾಗ, "ಇವಳೇ, ಇಲ್ಲಿ ಕೇಳು." ಆಗ ಅವಳು ಕಾಲಡಿಯ ಪೆಡಲು ನಿಲ್ಲಿಸಿ ಕೇಳುತ್ತಿದ್ದಳು. ಈಗ ಅವಳಿಗೆ ಬೇಕಾಗಿದ್ದದ್ದು ಅದೊಂದೇ. ಕೈ ಬರದಿದ್ದರೆ ಬೇಡ, ನಡಿಗೆ ಬರದಿದ್ದರೆ ಬೇಡ. ತನ್ನ ಮುಖ ನೋಡಿ "ಇವಳೇ" ಅಂದರೆ ಸಾಕಿತ್ತು.

ಆಸ್ಪತ್ರೆಯಲ್ಲಿ ಮಾತು ಕಲಿಸುವ ಡಾಕ್ಟರಮ್ಮ ಒಂದು ದಾರಿ ಹೇಳಿದಳು. ತಲೆಯೊಳಗೆ ಮಾತಿನದೊಂದು ಕೋಣೆ, ಹಾಡಿನದು ಬೇರೆ ಕೋಣೆ. ಇವರಿಗೆ ಒಂದರ ಸೂರು ಕುಸಿದಿದೆ, ಇನ್ನೊಂದು ನಿಂತಿರಬಹುದು, ದಿನವೂ ಜೊತೆಗೆ ಕೂತು ಹಾಡಿ ಅಂದಳು. ಜನರ ಗುರುತು ಚೆನ್ನಾಗಿಯೇ ಇದ್ದ ಹಾಗಿದೆ ಅಂತಲೂ ಹೇಳಿದಳು. ಟೇಲರಕ್ಕ ಹಾಡಿದಳು. ಅವಳ ಕಂಠ ಕೇಳಿ ಮೇಷ್ಟ್ರು ಗೋಡೆಗೆ ಮುಖ ತಿರುಗಿಸಿದರು. ಫೋನಿನಲ್ಲಿ ಹಾಡು ಹಾಕಿದರೆ ಫೋನನ್ನೇ ತಳ್ಳಿದರು. ಆದರೆ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಅವರ ಹಳೇ ಶಿಷ್ಯೆ ನೋಡಲು ಬಂದವಳು, ಗೋಡೆಯ ಮೇಲಿದ್ದ ಗಿಟಾರು ಇಳಿಸಿ ಸುಮ್ಮನೆ ಶ್ರುತಿ ಮಾಡಿದಾಗ, ಮೇಷ್ಟ್ರ ತುಟಿ ಅಲ್ಲಾಡಿತು. ಟೇಲರಕ್ಕ ಅದನ್ನು ಕಣ್ಣಾರೆ ಕಂಡಳು.

ಶಿಷ್ಯೆಯೇ ದಿನಾ ಬಂದು ನುಡಿಸಬಹುದಿತ್ತಲ್ಲ ಅನ್ನಬೇಡಿ. ಅವಳು ಅಂಗಡಿ ತೆಗೆಯುವಾಗ ನಿಂತರೆ ಮುಚ್ಚುವವರೆಗೆ ನಿಂತೇ ಇರಬೇಕು; ರಜೆ ಸಿಕ್ಕರೆ ವಾರಕ್ಕೊಂದು. ಇನ್ನೂ ಒಂದು ಕಾರಣವಿತ್ತು, ಮುಚ್ಚಿಡುವುದೇಕೆ? ಬರುವ ಮಾತು ತನ್ನ ಕೈಯಿಂದಲೇ ಬರಲಿ ಎಂಬ ಹಟ ಟೇಲರಕ್ಕನಿಗೆ. ರಜೆ ಸಿಕ್ಕಾಗ ಬಂದು ನನಗೇ ಕಲಿಸಿಬಿಡು ಅಂದಳು.

ಮೊದಲ ಹೆಜ್ಜೆಯಲ್ಲೇ ಎಡವಿದಳು. ಮೇಷ್ಟ್ರು ಆರ್ಕೆಸ್ಟ್ರಾದಲ್ಲಿದ್ದಾಗ ಕಾರ್ಯಕ್ರಮದ ಕೊನೆಗೆ ನುಡಿಸುತ್ತಿದ್ದ ಒಂದು ಹಾಡಿತ್ತು, ಅವರ ಪ್ರಾಣ ಅದು. ಅದನ್ನೇ ಕಲಿಸು ಅಂದಳು. ಶಿಷ್ಯೆ ಬೇಡವೆಂದಳು. ಬೆರಳುಗಳನ್ನು ತಂತಿಯ ಮೇಲೆ ಒಂದೊಂದು ಆಕಾರದಲ್ಲಿ ಕೂರಿಸುವುದಕ್ಕೆ ಅವರು ಕಾರ್ಡು ಅನ್ನುತ್ತಾರೆ; ಆ ಹಾಡಿನಲ್ಲಿ ಎಫ್ ಅನ್ನುವ ಕಾರ್ಡಿದೆ, ತೋರುಬೆರಳೊಂದೇ ಅಡ್ಡ ಮಲಗಿ ಆರೂ ತಂತಿ ಒತ್ತಬೇಕು, ಹೊಸಬರ ಕೈಗೆ ಅದು ಸಿಗುವುದಿಲ್ಲ. ಇಷ್ಟದ ಹಾಡನ್ನು ಮೊದಲು ಹಿಡಿದವನು ಹಾಡನ್ನೂ ಕಳೆದುಕೊಳ್ಳುತ್ತಾನೆ, ಗಿಟಾರನ್ನೂ ಕಳೆದುಕೊಳ್ಳುತ್ತಾನೆ ಅಂತ ಮೇಷ್ಟ್ರೇ ಹೇಳುತ್ತಿದ್ದರಂತೆ. ಟೇಲರಕ್ಕ ಕೇಳಬೇಕಲ್ಲ! ಸೂಜಿ ಚುಚ್ಚಿಸಿಕೊಂಡು ಗಟ್ಟಿಯಾದ ಬೆರಳು ನನ್ನವು, ಎಂಥ ತಂತಿಯಾದರೂ ಬರಲಿ ಅಂದಳು. ಗಟ್ಟಿಯಾಗಿದ್ದದ್ದು ಬಲಗೈ. ತಂತಿ ಕೊಯ್ದದ್ದು ಎಡಗೈಯನ್ನು.

ಬೆರಳ ತುದಿ ಒಡೆದು, ಹೊಲಿಯುವ ಬಿಳಿ ಬಟ್ಟೆಗೆ ರಕ್ತ ಮೆತ್ತಿ, ಗಿರಾಕಿಗಳಿಂದ ಬೈಸಿಕೊಂಡಳು. ಕೊನೆಗೊಂದು ಸಂಜೆ ಗಂಡನ ಮುಂದೆ ಕೂತು ನುಡಿಸಿದಳು. ಎಫ್ ಬಂದಲ್ಲೆಲ್ಲ ತಂತಿಯ ದನಿ ಸತ್ತು ಹೋಗುತ್ತಿತ್ತು. ಮೇಷ್ಟ್ರು ಕಣ್ಣು ಮುಚ್ಚಿದರು. ಬೇಡ, ಬೇಡ, ಬೇಡ ಅಂದು ಎಡಗೈಯಿಂದ ಹೊದಿಕೆ ತಲೆಯ ಮೇಲೆ ಎಳೆದುಕೊಂಡರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಟೇಲರಕ್ಕನೂ ತಂತಿ ಹಳತಾಗಿದೆ ಅಂತ ಹೊಸ ತಂತಿ ಹಾಕಿಸಿದಳು. ಹೊಸ ತಂತಿಯೂ ಅಲ್ಲಲ್ಲೇ ಸತ್ತಿತು.

ಶಿಷ್ಯೆ ಆಗ ಖಡಾಖಂಡಿತವಾಗಿ ಹೇಳಿದಳು: "ಅಕ್ಕಾ, ನೀವು ಅವರಿಗೆ ಇಷ್ಟವಾದ ಹಾಡು ಹುಡುಕ್ತಿದೀರ. ನಿಮ್ಮ ಕೈಗೆ ಬರೋದನ್ನ ಹುಡುಕಿ. ಎರಡೇ ಕಾರ್ಡಿರಬೇಕು, ನಿಧಾನ ಇರಬೇಕು, ನಿದ್ದೇಲಿ ಎಬ್ಬಿಸಿದ್ರೂ ಬಾಯಿಗೆ ಬರ್ಬೇಕು."

ನಿದ್ದೆಯಲ್ಲೂ ಬಾಯಿಗೆ ಬರುವುದು ಅಂದರೆ ಟೇಲರಕ್ಕನಿಗೆ ಒಂದೇ. ಹೊಸದಾಗಿ ಸೇರಿದ ಮಕ್ಕಳಿಗೆಂದು ಮೇಷ್ಟ್ರು ತಾವೇ ಕಟ್ಟಿದ ಕೊಡೆಯ ಹಾಡು. "ಮೋಡ ಬಂದು ಕೇಳ್ತು, ಕೊಡೆ ಎಲ್ಲಿ, ಕೊಡೆ ಎಲ್ಲಿ, ಕೊಡೆ ಕೂತು ಹೇಳ್ತು, ಮೂಲೇಲಿ, ಮೂಲೇಲಿ." ಡಿ ಮತ್ತು ಎ, ಎರಡೇ ಕಾರ್ಡು. ಬಾಗಿಲಾಚೆಯಿಂದ ಅದನ್ನು ಕೇಳಿ ಕೇಳಿ ಅವಳ ಪೆಡಲು ಕೂಡ ಅದೇ ಲಯಕ್ಕೆ ಬಿದ್ದಿತ್ತು. ಇಷ್ಟು ದಿನ ಅದು ಹೊಳೆಯಲಿಲ್ಲವೆಂದರೆ ಏನು ಹೇಳೋಣ? ಅದು ಮಕ್ಕಳ ಹಾಡು, ತನ್ನ ಗಂಡನ ಹಾಡಲ್ಲ ಅಂದುಕೊಂಡಿದ್ದಳು.

ಶಿಷ್ಯೆ ಎರಡು ಕಾರ್ಡು ತೋರಿಸಿಕೊಟ್ಟು ಹೋದ ಮರುದಿನ, ಮಧ್ಯಾಹ್ನ ಮೆಷಿನ್ನು ನಿಲ್ಲಿಸಿ ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಶುರುಮಾಡಿದಳು. ಡಿಯಿಂದ ಎಗೆ ಹಾರುವಲ್ಲಿ ಬೆರಳು ತಡವರಿಸಿತು. ಮಂಚದ ಮೇಲಿಂದ ದನಿ ಬಂತು.

"ತಪ್ಪು."

ಅವಳು ಗಕ್ಕನೆ ತಲೆಯೆತ್ತಿದಳು. ಇನ್ನೊಂದು ಸಲ ನುಡಿಸಿದಳು, ಇನ್ನೊಂದು ಸಲ ತಡವರಿಸಿದಳು. "ತಪ್ಪು. ಮೊದಲಿಂದ," ಅಂದರು ಮೇಷ್ಟ್ರು, ಸ್ಪಷ್ಟವಾಗಿ, ಕ್ಲಾಸಿನಲ್ಲಿ ಹೇಳುತ್ತಿದ್ದ ಅದೇ ಗತ್ತಿನಲ್ಲಿ.

ಆವತ್ತು ಅವಳು ಬೀದಿಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ಓಡಾಡಿದಳು. ಫೋನಿನಲ್ಲಿ ನಾದಿನಿಗೆ ಹೇಳಿದರೆ ಅವಳು ಕುಟುಕುವುದು ಬಿಡಲಿಲ್ಲ, ಮಾತು ಹೋದರೂ ನಿನ್ನ ತಪ್ಪು ಹುಡುಕೋದು ಹೋಗಲಿಲ್ಲ ನೋಡು ನಮ್ಮಣ್ಣನಿಗೆ ಅಂದಳು. ಇಬ್ಬರೂ ನಕ್ಕರು, ಆಮೇಲೆ ಇಬ್ಬರೂ ಅತ್ತರು. ಡಾಕ್ಟರಮ್ಮನಿಗೂ ಖುಷಿ. ಹಾಡು ಸರಿಯಾಗಿ ಕಲಿಯಿರಿ, ಜೊತೆಗೆ ಹಾಡಲೂ ಶುರುಮಾಡುತ್ತಾರೆ ಅಂದಳು.

ಆದದ್ದು ಬೇರೆ. ಅವಳ ಕೈ ಪಳಗಿದಷ್ಟೂ ಮೇಷ್ಟ್ರ ಮಾತು ಕಡಿಮೆಯಾಯಿತು. ತಪ್ಪಿದರೆ ತಾನೇ "ತಪ್ಪು"! ಸರಿಯಾಗಿ ನುಡಿಸಿದಲ್ಲೆಲ್ಲ ಅವರು ತುಟಿ ಬಿಚ್ಚದೆ ಛಾವಣಿ ನೋಡುತ್ತ ಮಲಗಿರುತ್ತಿದ್ದರು. ಹೆದರಿಕೊಂಡ ಟೇಲರಕ್ಕ ಬೇಕೆಂದೇ ತಪ್ಪಿ ನೋಡಿದಳು. ಊಹೂಂ. ಆ ಕಿವಿಗೆ ಕಳ್ಳ ತಪ್ಪು ಯಾವುದು, ನಿಜವಾದ ತಪ್ಪು ಯಾವುದು ಅಂತ ಗೊತ್ತಿತ್ತು. ಕಳ್ಳ ತಪ್ಪಿಗೆ ಅವರು ಬಾಯಿ ಬಿಡಲಿಲ್ಲ.

ಆಗ ಅವಳು ಹೊಸ ಹಾಡುಗಳ ಬೆನ್ನು ಹತ್ತಿದಳು. ಸುಲಭದವು, ಎರಡೇ ಕಾರ್ಡಿನವು, ಆದರೆ ತಾನು ಹಿಂದೆ ಕೇಳಿರದಂಥವು, ನಿಜವಾಗಿಯೂ ಎಡವಬಲ್ಲಂಥವು. ಜನ ಹಾಡು ಬರಲಿ ಅಂತ ಸುಲಭದ ಹಾಡು ಹುಡುಕುತ್ತಾರೆ, ಇವಳು ಬರದಿರಲಿ ಅಂತ ಹುಡುಕಿದಳು. ಔಷಧಿ ಅಂಗಡಿಯ ಮುಂದೆ ಜ್ವರ, ಕೆಮ್ಮಿನವರ ನಡುವೆ ನಿಂತು, ಇನ್ಯಾವುದಾದರೂ ಇದೆಯೇನೇ ಅಂತ ಕೇಳುವಳು. ಒಂದೊಂದು ಹಾಡಿಗೂ ಕೆಲವು ದಿನದ ಮಾತು ಸಿಗುತ್ತಿತ್ತು. ತಪ್ಪು. ಮೊದಲಿಂದ. ನಿಧಾನ. ಒಮ್ಮೆಯಂತೂ "ಹೆಬ್ಬೆರಳು ಸಡಿಲ ಬಿಡು" ಅಂದರು. ಅಷ್ಟು ಉದ್ದದ ಮಾತು! ಅವಳು ಆ ರಾತ್ರಿ ಊಟವನ್ನೇ ಮರೆತಳು.

ಹಾಳಾದ ಬೆರಳು, ಅವು ಕಲಿತುಬಿಟ್ಟವು. ಸೂಜಿಗೇ ಸರಿ ಅನ್ನಿಸಿಕೊಂಡ ಅವೇ ಬೆರಳು. ಯಾವ ಹಾಡು ತಂದರೂ ಕೂತ ಮೊದಲ ಸಲವೇ ತಡವರಿಸದೆ ದಾಟತೊಡಗಿದವು. ಎಫ್ ಇರುವ ಕಷ್ಟದ ಹಾಡು ನುಡಿಸಿದರೆ ಮಾತ್ರ ಅವರು ಹೊದಿಕೆ ಎಳೆದುಕೊಳ್ಳುತ್ತಿದ್ದರು. ನಿಮಗಿನ್ನು ಸುಲಭದ ಹಾಡು ಮುಗಿದುವು ಅಕ್ಕಾ ಅಂತ ಶಿಷ್ಯೆ ಹೊಗಳಿಕೆಯೆಂದೇ ಹೇಳಿದಳು. ಟೇಲರಕ್ಕನಿಗೆ ಅದು ಹೊಗಳಿಕೆಯಾಗಿ ಕೇಳಿಸಲಿಲ್ಲ. ಮನೆಯಲ್ಲಿ "ಬೇಡ" ಕೂಡ ಕಡಿಮೆಯಾಗುತ್ತ ಬಂದಿತ್ತು.

ಡಾಕ್ಟರಮ್ಮ ಕೊನೆಯದಾಗಿ ಒಂದು ಉಪಾಯ ಹೇಳಿದಳು. ಅವರಿಗೆ ಚೆನ್ನಾಗಿ ಗೊತ್ತಿರುವ ಹಾಡನ್ನು ಒಂದೂ ತಪ್ಪಿಲ್ಲದೆ ಪೂರ್ತಿ ನುಡಿಸಿ, ಹಾಡಿ. ಕೊನೆಯ ಪದ ಮಾತ್ರ ಬಿಡಿ, ಅವರೇ ತುಂಬಲಿ. ಟೇಲರಕ್ಕ ಮರುದಿನ ಮೆಷಿನ್ನಿಗೆ ಬಟ್ಟೆ ಮುಚ್ಚಿ, ಗಂಡನನ್ನು ದಿಂಬಿಗೆ ಒರಗಿಸಿ ಕೂರಿಸಿ, ಮುಖ ಒರೆಸಿ, ಎದುರಿಗೆ ಕೂತಳು. ಕೊಡೆಯ ಹಾಡು ಎತ್ತಿಕೊಂಡಳು. ಡಿಯಿಂದ ಎಗೆ, ಎಯಿಂದ ಡಿಗೆ, ಬೆರಳು ತಾವಾಗಿಯೇ ಹೋದವು. ಅವಳ ಕಂಠ ಕೂಡ ಆವತ್ತು ಕೈಕೊಡಲಿಲ್ಲ. ಕೊಡೆ ಕೂತು ಹೇಳ್ತು, ಮೂಲೇಲಿ ಅಂದು ನಿಲ್ಲಿಸಿ, ಅವರ ಬಾಯನ್ನೇ ನೋಡಿದಳು.

ಮೇಷ್ಟ್ರು ತಲೆ ಎತ್ತಿದರು. ಛಾವಣಿಯನ್ನಲ್ಲ, ಗೋಡೆಯನ್ನಲ್ಲ, ನೇರ ಅವಳ ಮುಖವನ್ನೇ ನೋಡಿದರು. ಕಾಯಿಲೆ ಬಿದ್ದ ಮೇಲೆ ಅಷ್ಟು ಹೊತ್ತು ಅವರು ಅವಳನ್ನು ನೋಡಿದ್ದೇ ಇಲ್ಲ. ಎಳೆದ ತುಟಿಯ ಮೇಲೆ ನಗು ಬಂತು.

"ಚೆನ್ನಾಗಿ ಬಂತು ಕಣಮ್ಮ," ಅಂದರು. "ಮನೇಲಿ ಹೇಳಿಕೊಡೋರು ಯಾರಾದ್ರೂ ಇದಾರಾ?"

ಮೊದಲ ಹಾಡು ತಪ್ಪಿಲ್ಲದೆ ಮುಗಿಸಿದ ಪ್ರತಿ ಮಗುವಿಗೂ ಅವರು ಕೇಳುತ್ತಿದ್ದ ಪ್ರಶ್ನೆ ಅದು. ನಾಲಿಗೆಗೆ ರೂಢಿಯಾದದ್ದು ತಾನಾಗಿ ಬಂದಿದೆ, ಗುರುತು ತಪ್ಪಿಲ್ಲ ಅಂತ ಡಾಕ್ಟರಮ್ಮ ಹೇಳಬಹುದಿತ್ತೇನೋ. ಟೇಲರಕ್ಕ ಯಾರನ್ನೂ ಕೇಳಲು ಹೋಗಲಿಲ್ಲ. ಆ ಕಣ್ಣುಗಳನ್ನು ನೋಡಿದವಳು ಅವಳು. ಅದರಲ್ಲಿ ವಾತ್ಸಲ್ಯವಿತ್ತು, ಮೆಚ್ಚುಗೆಯಿತ್ತು. ಹೆಂಡತಿ ಇರಲಿಲ್ಲ.

ಅವರು ಉತ್ತರಕ್ಕೆ ಕಾಯುತ್ತಿದ್ದರು.

"ಇದಾರೆ ಮೇಷ್ಟ್ರೇ," ಅಂದಳು. "ಅವರಿಗೆ ಪುರಸೊತ್ತಿರಲಿಲ್ಲ."

ಮೇಷ್ಟ್ರು ಪಾಪ ಅನ್ನುವ ಹಾಗೆ ತಲೆಯಾಡಿಸಿದರು. ಟೇಲರಕ್ಕನಿಗೆ ತಡೆಯಲಾಗಲಿಲ್ಲ. ಗಿಟಾರನ್ನು ತಬ್ಬಿಕೊಂಡು, ಅದರ ಮೇಲೆ ಹಣೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಮೇಷ್ಟ್ರು ಬೈಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ, ತಾಳ್ಮೆಯಿಂದ ಕಾದು ಕೂತರು. ಕ್ಲಾಸಿಗೆ ಬಂದು ಅಳುವ ಮಕ್ಕಳು ಅವರಿಗೆ ಹೊಸಬರೇನಲ್ಲ.